ಕಾರನ್ನು ತಗ್ಗಿಸುವ ಷೋಕಿಯೂ ಅದರ ಲೆಕ್ಕವೂ

ತಮ್ಮ ಕಾರಿನ ಒಡಲನ್ನು ನೆಲಕ್ಕೆ ಒಂದೆರಡು ಅಂಗುಲ ಹತ್ತಿರಕ್ಕೆ ಇಳಿಸಿಕೊಳ್ಳಬೇಕೆಂಬ ಅಭಿಲಾಷೆಯು ನಮ್ಮ ಪಟ್ಟಣಗಳ ತರುಣರಲ್ಲಿ ಬಲವಾಗಿರುವುದು. ಹಿರಿಯರು ಇದನ್ನು ಬರಿಯ ಷೋಕಿಯೆಂದು ತಳ್ಳಿಬಿಡುವರು. ನಾವು ಅಷ್ಟು ಸುಲಭವಾಗಿ ತಳ್ಳಲಾರೆವು. ಗುರುತ್ವಕೇಂದ್ರವು ತಗ್ಗಿದಷ್ಟೂ ತಿರುವಿನಲ್ಲಿ ಒಳಚಕ್ರಗಳ ಭಾರವು ಹೊರಚಕ್ರಗಳ ಮೇಲೆ ಬೀಳುವುದು ಕಡಮೆಯಾಗುವುದೆಂಬುದು ನಿಜವಷ್ಟೆ. ಆದರೆ ಎಷ್ಟು ಕಡಮೆ? ಗುರುತ್ವಕೇಂದ್ರವು 55 ಸೆಂಟಿಮೀಟರ್ ಎತ್ತರದಲ್ಲಿರುವ ಕಾರನ್ನು 3 ಸೆಂಟಿಮೀಟರ್ ಇಳಿಸಿದರೆ ನೂರಕ್ಕೆ ಸುಮಾರು ಐದೂವರೆಯಷ್ಟು. ಇಷ್ಟು ಲಾಭಕ್ಕೆ ಪ್ರಾಣವನ್ನು ಪಣವೊಡ್ಡುವವರನ್ನು ಕಂಡು ಈ ನಾಲ್ಕು ಮಾತುಗಳನ್ನು ಬರೆಯಬೇಕಾಗಿದೆ.

ಹಣವಿಲ್ಲದವನಿಗೆ ಮೊದಲು ಹೊಳೆಯುವ ಉಪಾಯವೆಂದರೆ ಇರುವ ಸ್ಪ್ರಿಂಗನ್ನೇ ಕತ್ತರಿಸುವುದು. ಖರ್ಚು ಏನೂ ಇಲ್ಲವೆಂದು ತೋರುವುದು. ಸ್ಪ್ರಿಂಗಿನ ಗಡಸುತನವು ಅದರ ಸುತ್ತುಗಳು ಕಡಮೆಯಾದಂತೆಲ್ಲ ಏರುವುದು. ಆರು ಸುತ್ತುಗಳು ಕೆಲಸ ಮಾಡುತ್ತಿದ್ದಲ್ಲಿ ಒಂದನ್ನು ತೆಗೆದರೆ ಐದರಲ್ಲೊಂದು ಪಾಲು ಗಡಸು ಹೆಚ್ಚುವುದು. ಹಳೆಯ ಶಾಕ್ ಅಬ್ಸಾರ್ಬರಿಗೆ ಈ ಹೊಸ ಗಡಸನ್ನು ತಡೆಯುವ ಶಕ್ತಿ ಇರದಿದ್ದರೆ ಗಾಡಿಯು ಕುದುರೆಮರಿಯಂತೆ ಕುಪ್ಪಳಿಸುವುದು. ಅದೂ ಸಹ್ಯವೆನ್ನೋಣ. ತುದಿಯು ಒಳಕ್ಕೆ ಸುರುಳಿಗೊಂಡ ಸ್ಪ್ರಿಂಗನ್ನು ಕತ್ತರಿಸಿದಲ್ಲಿ ಅದು ತನ್ನ ಪೀಠದಲ್ಲಿ ಸರಿಯಾಗಿ ಕೂಡಲಾರದು. ಮಿತಿಮೀರಿ ಮೊಟಕಾದರೆ, ಚಕ್ರವು ಗುಂಡಿಗಿಳಿದ ಕ್ಷಣದಲ್ಲಿ ಸ್ಪ್ರಿಂಗು ಸಡಿಲಗೊಂಡು ಜಾಗವನ್ನೇ ಬಿಟ್ಟು ಕದಲುವುದು. ಗ್ಯಾಸಿನ ಉರಿಯಿಂದ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ ಕುಗ್ಗಿಸುವವರ ವಿಷಯದಲ್ಲಂತೂ ನಮಗೆ ಮಾತೇ ಹೊರಡದು. ಕಾರ್ಖಾನೆಯಲ್ಲಿ ಉಕ್ಕಿಗೆ ಕೊಟ್ಟ ಹದವನ್ನು ಆ ಉರಿಯು ನಿಮಿಷದಲ್ಲಿ ಕಳೆಯುವುದು. ಇಂದು ಎರಡು ಅಂಗುಲ ತಗ್ಗಿದ್ದು ನಾಳೆ ಎಷ್ಟಕ್ಕೆ ಕುಸಿಯುವುದೋ, ಯಾವಾಗ ಮುರಿಯುವುದೋ ಬಲ್ಲವರಿಲ್ಲ.

ಇನ್ನೊಂದು ಸಂಗತಿಯನ್ನು ಈ ತರುಣರು ಯೋಚಿಸಿದಂತೆ ಕಾಣುವುದಿಲ್ಲ. ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲಿಗೆ ಮುಂಗಡೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವುದು. ಇಂತಹ ಗಾಡಿಯನ್ನು ಮಿತಿಮೀರಿ ಇಳಿಸಿದರೆ ಕೆಳತೋಳುಗಳು ಹೊರತುದಿಯಲ್ಲಿ ಮೇಲಕ್ಕೆ ವಾಲುವುವು. ಆಗ ಒಡಲು ಯಾವ ಬಿಂದುವಿನ ಸುತ್ತ ಓಲುವುದೋ ಆ ಬಿಂದುವು ಗುರುತ್ವಕೇಂದ್ರಕ್ಕಿಂತಲೂ ಬೇಗ ಕೆಳಗಿಳಿಯುವುದು. ಫಲವೇನೆಂದರೆ, ಸ್ಪ್ರಿಂಗು ಸಾಕಷ್ಟು ಗಡಸಾಗಿಲ್ಲದಿದ್ದರೆ, ತಿರುವಿನಲ್ಲಿ ಸ್ಥಿರವಾಗಿರಲೆಂದು ತಗ್ಗಿಸಿದ ಕಾರೇ ಮೊದಲಿಗಿಂತ ಹೆಚ್ಚು ವಾಲುವುದು! ಟೈರುಗಳು ಒಳಅಂಚಿನಲ್ಲಿ ಸವೆಯುವುದು ಇದರ ಮೇಲಿನ ದಂಡ.

ಹಾಗಾದರೆ ಬಡ ಗುಮಾಸ್ತನ ಮಗನಿಗೆ ದಾರಿಯೇ ಇಲ್ಲವೆ? ಇದೆ. ಶಾಕ್ ಅಬ್ಸಾರ್ಬರುಗಳಲ್ಲಿ ಎಣ್ಣೆ ಸೋರಿ ಹೇಗೂ ಅವನ್ನು ಬದಲಿಸಬೇಕಾಗಿ ಬರುವ ಕಾಲದವರೆಗೆ ಕಾಯಲಿ. ಬಿಚ್ಚುವ ಕೂಲಿಯನ್ನು ಆಗ ಒಂದೇ ಸಲ ತೆತ್ತರಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ತನ್ನ ಕಾರಿನ ಮಾದರಿಗೆಂದೇ ತಯಾರಾದ, ಕಡಮೆ ಎತ್ತರದ ನಾಲ್ಕು ಸ್ಪ್ರಿಂಗುಗಳನ್ನು ಒಂದೇ ಜೋಡಣೆಯಾಗಿ ಕೊಳ್ಳಲಿ. 3 ಸೆಂಟಿಮೀಟರಿಗಿಂತ ಹೆಚ್ಚು ಇಳಿಸದಿರಲಿ. ಹಿಂದಿನ ಸ್ಪ್ರಿಂಗುಗಳು ಅನೇಕ ಕಾರುಗಳಲ್ಲಿ ಶಾಕ್ ಅಬ್ಸಾರ್ಬರಿನಿಂದ ಬೇರೆಯಾಗಿ ನಿಂತಿರುವುದರಿಂದ ಅಲ್ಲಿ ಕೆಲಸವು ಸುಲಭ. ಮುಂದಿನದಕ್ಕೆ ಮಾತ್ರ ಸ್ವಯಂ ಕೈಹಾಕಬಾರದು. ಮಿಲಿಮೀಟರಿಗೆ ಎರಡೂವರೆ ಕಿಲೋ ಹೊರುವ ಸ್ಪ್ರಿಂಗು 10 ಸೆಂಟಿಮೀಟರ್ ಅದುಮಿಕೊಂಡಿದ್ದರೆ ಅದರಲ್ಲಿ 250 ಕಿಲೋ ಒತ್ತಡವು ಹೊಂಚುಹಾಕಿರುವುದು. ಅದನ್ನು ಹಿಡಿದಿಡುವ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ಟನ್ನು ಸಡಿಲಿಸಿದವನ ಮುಖ ಉಳಿಯದು. ಅನುಭವಿ ಮೆಕ್ಯಾನಿಕನಿಗೆ ಕೊಡುವ ಕೂಲಿಯಲ್ಲಿ ಜಿಪುಣತನ ಸಲ್ಲದು. ವೀಲ್ ಅಲೈನ್‌ಮೆಂಟನ್ನೂ ದೀಪಗಳ ನೋಟವನ್ನೂ ಅನಂತರ ಸರಿಪಡಿಸಬೇಕು. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕಿನ ಬಲವನ್ನು ಹೊರೆಗೆ ತಕ್ಕಂತೆ ಹೊಂದಿಸುವ ವಾಲ್ವೊಂದು ಅಚ್ಚಿಗೆ ತಗುಲಿರುವುದು. ತಗ್ಗಿದ ಖಾಲಿ ಗಾಡಿಯನ್ನು ಅದು ತುಂಬಿದ ಗಾಡಿಯೆಂದು ಭ್ರಮಿಸಿ ಹಿಂದಿನ ಚಕ್ರಗಳನ್ನು ಬಿಗಿಯಬಹುದು. ಇದನ್ನು ಕೇಳಿ ತಿಳಿಯುವವರು ವಿರಳ.

ಕಾನೂನಿನ ಮಾತು ಉಳಿದಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ವಿರುದ್ಧವಾಗುವ ಬದಲಾವಣೆ ಕೂಡದು. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಪ್ರತಿಯೊಂದು ಅಕ್ರಮ ಬದಲಾವಣೆಗೂ 5,000 ರೂಪಾಯಿ ಜುಲ್ಮಾನೆ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡನ್ನೂ ವಿಧಿಸಿತು. ಆದುದರಿಂದ ಸ್ಪ್ರಿಂಗು ಕೊಳ್ಳುವ ಮುನ್ನ ಆರ್.ಟಿ.ಓ. ಕಚೇರಿಯನ್ನೂ ವಿಮಾ ಕಂಪನಿಯನ್ನೂ ಲಿಖಿತವಾಗಿ ಕೇಳುವುದು ಲೇಸು.

ಅಧಿಕಾರಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆಯಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಬಾಗು ಉಳ್ಳದ್ದಾಗಿರತಕ್ಕದ್ದು. ಎರಡು ಅಚ್ಚುಗಳ ನಡುವೆ 2.45 ಮೀಟರ್ ಅಂತರವಿರುವ ಕಾರು ಇಂತಹ ಉಬ್ಬಿನ ನೆತ್ತಿಯನ್ನು ದಾಟುವಾಗ ಹೊಟ್ಟೆಯಡಿಯಲ್ಲಿ ಕಳೆದುಕೊಳ್ಳುವುದು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಮಾತ್ರ. ಇದೇ ಎತ್ತರದ ಉಬ್ಬನ್ನು ಒಂದು ಮೊಳ ಅಗಲಕ್ಕೆ ದಿಣ್ಣೆಯಂತೆ ಕಟ್ಟಿಬಿಟ್ಟರೆ ಹತ್ತಕ್ಕೆ ಹತ್ತೂ ಹೋಗುವುದು. ತಗ್ಗಿಸದ ಕಾರೂ ಐವರು ಕುಳಿತರೆ ತಳ ಉಜ್ಜುವುದು, ಗರ್ಭಿಣಿಯರನ್ನೂ ರೋಗಿಗಳನ್ನೂ ಸಾಗಿಸುವ ಗಾಡಿಗಳ ಪಾಡನ್ನು ಹೇಳಬೇಕಾದುದಿಲ್ಲ. ನಗರಸಭೆಯ ಎಂಜಿನಿಯರರು ಒಂದು ಟೇಪನ್ನು ತರಿಸಿ ತಮ್ಮ ಕಚೇರಿಯ ಮುಂದಿನ ಉಬ್ಬನ್ನೇ ಮೊದಲು ಅಳೆಯಬೇಕೆಂದು ಕೋರುತ್ತೇವೆ.