ಪುಕ್ಕಟೆ ಭಾಗ್ಯವನ್ನು ಬಡವರೇ ಬೈಯುವುದೇಕೆ?

ಗೋವಿನಜೋಳಕ್ಕೆ ಕಳೆ ತೆಗೆಯುವ ಹಂಗಾಮಿನಲ್ಲಿ ಯಲವಿಗಿ ಕಡೆಯ ಯಾವುದಾದರೂ ಕಟ್ಟೆಯ ಮೇಲೆ ಕೂತು ಕೇಳಿ. ‘ಪುಕ್ಕಟೆ ಕೊಟ್ಟು ಮಂದೀನ್ನ ಹಾಳ ಮಾಡಿದ್ರು, ಕೂಲಿಗೆ ಆಳ ಸಿಗವಲ್ರು’ ಎಂಬ ಮಾತು ಬಂದೇ ಬರುತ್ತದೆ. ಆಡುವವರು ದೊಡ್ಡ ಜಮೀನ್ದಾರರೇ? ಅಲ್ಲವೇ ಅಲ್ಲ! ಎರಡೆಕರೆ ಒಣಬೇಸಾಯದವರೂ ಹೀಗೆಯೇ ಬೈಯುತ್ತಾರೆ. ಅವರ ಮನೆಯಲ್ಲೂ ಬಿಪಿಎಲ್ ಕಾರ್ಡಿದೆ. ಮನೆಯೊಡತಿಯ ಖಾತೆಗೆ ಸರ್ಕಾರದ ಗ್ಯಾರಂಟಿ ಯೋಜನೆ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. ಉಣ್ಣುವವರೇ ಬೈಯುವ ಈ ಒಗಟಿನ ಬೆನ್ನು ಹತ್ತಿದರೆ ಸಿಗುವುದು ಮೈ ನವಿರೇಳಿಸುವ ಉತ್ತರ.

ಸಂಶೋಧಕರಾದ ಇಲ್ಯಾನಾ ಕುಜಿಯೆಂಕೊ, ಮೈಕಲ್ ನಾರ್ಟನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಆಗ ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಅದನ್ನು ಏರಿಸಬಾರದು ಎಂದು ಹೆಚ್ಚು ಹಟ ಹಿಡಿದವರು ಸಿರಿವಂತರಲ್ಲ, ಅದಕ್ಕಿಂತ ತುಸುವೇ ಹೆಚ್ಚು ದುಡಿಯುತ್ತಿದ್ದವರು! ಹಣ ಹಂಚುವ ಆಟದಲ್ಲೂ ಹಾಗೆಯೇ: ಕೆಳಗಿನಿಂದ ಎರಡನೆಯ ಸ್ಥಾನದಲ್ಲಿದ್ದವರೇ ತಮಗಿಂತ ಕೆಳಗಿನವರಿಗೆ ಕೈ ಬಿಗಿಹಿಡಿದರು. ಕಟ್ಟಕಡೆಯವನಾಗುವ ಭಯ ಎಷ್ಟು ಆಳಕ್ಕಿಳಿದಿದೆ!

ಎರಡೆಕರೆಯವನ ನಿಲುವು ಈಗ ತಿಳಿಯಿತೇ? ಅವನು ಆಳೂ ಹೌದು, ಧಣಿಯೂ ಹೌದು. ಪುಕ್ಕಟೆ ಪಡಿತರದ ಅಕ್ಕಿ ಮನೆಗೆ ಬಂದ ಮೇಲೆ ಕೂಲಿಯವಳು ‘ಇಷ್ಟು ಕೊಟ್ರ ಬರತೇನಿ’ ಎನ್ನಬಲ್ಲಳು. ಅದು ಅವಳ ಗೆಲುವು, ನನಗಂತೂ ಸಂತೋಷ. ಆದರೆ ಆ ಹೆಚ್ಚಿನ ಕೂಲಿ ಹೋಗುವುದು ಅವನ ಜೇಬಿನಿಂದ.

ಈ ಬೈಗುಳದ ಹಿಂದೆ ಸ್ವಾಭಿಮಾನವೂ ಇದೆ. ಗಂಡ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಯಿತೆಂದು ಹಿಂದಿರುಗಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಕೇಳಿ ಬೆಳೆದ ನೆಲವಿದು. ಆದರೂ ಲಕ್ಕಮ್ಮ ಮರಳಿಸಿದ್ದು ತನ್ನ ಮನೆಯ ಅಕ್ಕಿಯನ್ನು, ನೆರೆಯವಳದ್ದನ್ನಲ್ಲ!

ಬೈದವರೆಲ್ಲ ಓಟಿನಲ್ಲೂ ವಿರೋಧಿಸಿದರೇ? ಪಕ್ಕದ ಶಿಗ್ಗಾವಿ ಕ್ಷೇತ್ರ ನೋಡಿ: 2023ರ ಮೇನಲ್ಲಿ ಬಸವರಾಜ ಬೊಮ್ಮಾಯಿ ಸುಮಾರು 36 ಸಾವಿರ ಮತಗಳಿಂದ ಗೆದ್ದ ಕಡೆ, ಗ್ಯಾರಂಟಿಗಳು ಬಂದ ಮೇಲೆ 2024ರ ನವೆಂಬರ್ ಉಪಚುನಾವಣೆಯಲ್ಲಿ ಅವರ ಮಗ ಭರತ್ ಕಾಂಗ್ರೆಸ್ಸಿನೆದುರು 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆದರೆ ಅದೇ ವರ್ಷದ ಲೋಕಸಭೆ ಚುನಾವಣೆಯಲ್ಲಿ, ಗ್ಯಾರಂಟಿ ಕೊಟ್ಟ ಕಾಂಗ್ರೆಸ್ಸಿಗೆ ರಾಜ್ಯದ 28ರಲ್ಲಿ ದಕ್ಕಿದ್ದು 9 ಮಾತ್ರ. ಗ್ಯಾರಂಟಿಯೊಂದನ್ನೇ ನೋಡಿ ಓಟು ಹಾಕುವ ಮಂದಿ ಇವರಲ್ಲ.

ಆಳುವವರೇ, ಈ ರೈತನನ್ನು ಉಪಕಾರಗೇಡಿ ಎನ್ನಬೇಡಿ; ಅವನು ಕೇಳುವುದು ಬೆಳೆಗೆ ಬೆಲೆ. 2025–26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಗಿತ್ತು. ಖರೀದಿ ಕೇಂದ್ರ ತೆರೆಯಿರಿ ಎಂದು ಕೇಳಲು ಆ ನವೆಂಬರಿನಲ್ಲಿ ರೈತರು ಹತ್ತಿರದ ಲಕ್ಷ್ಮೇಶ್ವರದಲ್ಲಿ ಧರಣಿ ಕೂರಬೇಕಾಯಿತು.