ಪಾತಾಳಕ್ಕೆ ಸಾವಿರ ಮಹಡಿ

1885ರಲ್ಲಿ ಅಮೆರಿಕದ ಷಿಕಾಗೊ ಪೇಟೆಯ ನಟ್ಟನಡುವೆ ಹೋಮ್ ಇನ್ಶೂರೆನ್ಸ್ ಕಟ್ಟಡ ಎದ್ದು ನಿಂತಿತು. ಹತ್ತು ಮಹಡಿ, 42 ಮೀಟರ್! ಜಗತ್ತಿನ ಮೊದಲ ಗಗನಚುಂಬಿ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಅದೇ ದಶಕದಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ (ಕೆಜಿಎಫ್) ಜಾನ್ ಟೇಲರ್ ಕಂಪನಿಯ ಕೆಲಸಗಾರರು ನೆಲ ಅಗೆಯತೊಡಗಿದ್ದರು. ಷಿಕಾಗೊದವರು ಮೇಲಕ್ಕೆ ಹೋದರು, ನಮ್ಮವರು ಕೆಳಕ್ಕೆ. ಯಾರು ಹೆಚ್ಚು ದೂರ ಹೋದರು ಗೊತ್ತೇ?

ಕೋಲಾರದ ಚಾಂಪಿಯನ್ ರೀಫ್ಸ್ ಗಣಿಯ ಆಳ ಸುಮಾರು 3,200 ಮೀಟರ್. ಆ ಷಿಕಾಗೊ ಕಟ್ಟಡದಂಥವು 76 ಬೇಕು, ತಳದಿಂದ ಬಾಯಿಯವರೆಗೆ ಪೇರಿಸಲು. ಶ್ರವಣಬೆಳಗೊಳದ 57 ಅಡಿಯ ಗೊಮ್ಮಟನಾದರೆ 184 ಸಲ. ದುಬೈನ 828 ಮೀಟರಿನ ಬುರ್ಜ್ ಖಲೀಫಾಗಳು ಮೂರು ಪೂರ್ತಿ ಮುಳುಗಿ, ನಾಲ್ಕನೆಯದರ ತುದಿಯ ನೂರು ಚಿಲ್ಲರೆ ಮೀಟರ್ ಮಾತ್ರ ಹೊರಗೆ ಇಣುಕೀತು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅದನ್ನು ಒಳಗಿಳಿಸಿದರೂ ಮೇಲೆ ಇನ್ನೂ ಒಂದೂಕಾಲು ಕಿಲೋಮೀಟರ್ ಖಾಲಿ! ಮಹಡಿಗೆ ಮೂರು ಮೀಟರ್ ಎಂದು ಹಿಡಿದರೆ ಇದು 1,066 ಮಹಡಿಯ ಸೌಧ, ತಲೆಕೆಳಗಾಗಿ ಕಟ್ಟಿದ್ದು.

ಇಲ್ಲಿನ ಗಿಫರ್ಡ್ ಶಾಫ್ಟ್ ಒಂದೇ ಸುಮಾರು ಎರಡು ಕಿಲೋಮೀಟರ್ ನೇರ ಇಳಿಯುತ್ತದೆ. ಅದರ ಬಾಯಿಂದ ಕಲ್ಲೊಂದನ್ನು ಕೈಬಿಟ್ಟರೆ, ಗಾಳಿಯ ತಡೆಯೇ ಇಲ್ಲವೆಂದುಕೊಂಡರೂ, ತಳ ಮುಟ್ಟಲು 20 ಸೆಕೆಂಡು ಬೇಕು. ಅಲ್ಲಿಂದಾಚೆಗೆ ಬೇರೆ ಶಾಫ್ಟ್ ಹಿಡಿದು ಮತ್ತೆ ಇಳಿಯಬೇಕು. ಗಣಿಯ ಊರು ಸಮುದ್ರಮಟ್ಟಕ್ಕಿಂತ 850 ಮೀಟರಿನಷ್ಟು ಮೇಲಿದೆ. ಗಣಿಯ ತಳ ಸಮುದ್ರಮಟ್ಟಕ್ಕಿಂತ ಎರಡು ಕಿಲೋಮೀಟರಿಗೂ ಹೆಚ್ಚು ಕೆಳಗೆ. ರಾಯಚೂರಿನ ಕಡುಬೇಸಿಗೆಯಲ್ಲಿ 45 ಡಿಗ್ರಿಗೇ ನಾವು ಬೆಂದುಹೋಗುತ್ತೇವೆ. ಗಣಿಯ ತಳದಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟಿತ್ತು. ಆ ಕಾವಿನಲ್ಲಿ, ಯಾವ ಗಳಿಗೆಯಲ್ಲಾದರೂ ಬಂಡೆ ಸಿಡಿದೀತೆಂಬ ಭಯದಲ್ಲಿ, ತಮಿಳು, ತೆಲುಗು, ಕನ್ನಡದ ಬಡವರು ಪಾಳಿಯ ಮೇಲೆ ಪಾಳಿ ದುಡಿದರು. ಸಿಡಿದ ಬಂಡೆಗೆ ಸಿಕ್ಕಿ ಎಷ್ಟೋ ಮಂದಿ ಮೇಲೆ ಬರಲೇ ಇಲ್ಲ. ಇಲ್ಲಿನ ಎಲ್ಲ ಅಂಕಿಗಳ ಹಿಂದೆಯೂ ಅವರ ಬೆವರಿದೆ, ರಕ್ತವಿದೆ.

ಈ ಗಣಿಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗೆ ಬೆಳಕು ಬಂದದ್ದು ಅದಾಗಿ ಮೂರು ವರ್ಷಕ್ಕೆ!

ಇನ್ನು ಕಲ್ಲಿನ ಲೆಕ್ಕ. 120 ವರ್ಷದಲ್ಲಿ ಕೆಜಿಎಫ್‌ನ ಗಣಿಗಳಿಂದ ಮೇಲೆ ಬಂದ ಅದಿರು ಸುಮಾರು 5 ಕೋಟಿ 10 ಲಕ್ಷ ಟನ್. ಲಾರಿಗೆ ಹತ್ತು ಟನ್ನಿನಂತೆ ತುಂಬಿದರೆ 51 ಲಕ್ಷ ಲಾರಿ. ಎಂಟೆಂಟು ಮೀಟರಿನ ಆ ಲಾರಿಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ ಸಾಲು 40,800 ಕಿಲೋಮೀಟರ್: ಭೂಮಿಗೆ ಒಂದು ಸುತ್ತು ಹಾಕಿ ಇನ್ನೂ ಮಿಗುತ್ತದೆ. ಅರೆದು ಚೆಲ್ಲಿದ ಪುಡಿಯೇ ಇಂದು ಊರಿನ ಸುತ್ತ ನಿಂತಿರುವ ಸೈನೈಡ್ ಗುಡ್ಡಗಳು. ಗಾಳಿಕಾಲದಲ್ಲಿ ಅವುಗಳ ಧೂಳು ಮನೆಯೊಳಗೂ ಬರುತ್ತದೆ.

ಇಷ್ಟು ಕಲ್ಲಿಗೆ ಸಿಕ್ಕ ಚಿನ್ನ? 800 ಟನ್ನಿನ ಆಸುಪಾಸು. ಟನ್ ಕಲ್ಲಿಗೆ ಎರಡು ಪವನ್! ಅಷ್ಟನ್ನೂ ಕರಗಿಸಿ ಎರಕ ಹೊಯ್ದರೆ ಹನ್ನೊಂದೂವರೆ ಅಡಿ ಉದ್ದಗಲ ಎತ್ತರದ ಒಂದೇ ಕೋಣೆಯಲ್ಲಿ ಹಿಡಿಸುತ್ತದೆ. ತೂಕದಲ್ಲೋ, ಮೈಸೂರು ದಸರೆಯ 750 ಕಿಲೋ ಅಂಬಾರಿಯಂಥ 1,066 ಅಂಬಾರಿಗಳಿಗೆ ಸಮ. ಆ ತಲೆಕೆಳಗಾದ ಸೌಧದ ಮಹಡಿಗೊಂದು ಅಂಬಾರಿ!

ಈ ಗಣಿಯ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಎಲ್ಲಕ್ಕಿಂತ ಸಣ್ಣ ವಸ್ತುವಿನದು. ನಮ್ಮ ನಿಮ್ಮ ಮೈಯ ಮೂಲಕ ಸೆಕೆಂಡಿಗೆ ಸುಮಾರು ಒಂದು ಕೋಟಿ ಕೋಟಿ ನ್ಯೂಟ್ರಿನೊ ಕಣಗಳು ಹಾಯುತ್ತವೆ. ಅವಕ್ಕೆ ಇಡೀ ಭೂಮಿಯನ್ನು ಸೀಳಿ ಆಚೆ ಬರಲು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗವೂ ಬೇಡ. 1965ರಲ್ಲಿ ಇದೇ ಚಾಂಪಿಯನ್ ರೀಫ್ಸ್‌ನಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರಿದ್ದ ವಿಜ್ಞಾನಿಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಸುಳಿವು ಹಿಡಿಯಿತು. ಜಗತ್ತಿನಲ್ಲಿ ಅಂಥ ಸುಳಿವು ಸಿಕ್ಕ ಮೊದಲ ಜಾಗಗಳಲ್ಲಿ ಇದೂ ಒಂದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲು ಈಗಲೂ ಓಡುತ್ತದೆ, ಚಾಂಪಿಯನ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ದುಬೈ ಕಟ್ಟಡದ ಎತ್ತರ ಬಾಯಿಪಾಠವಿರುವ ಅವರಿಗೆ 3,200 ಎಂಬ ಈ ಅಂಕಿಯನ್ನೂ, ಅಷ್ಟು ಆಳಕ್ಕೆ ಇಳಿದು ದುಡಿದವರು ಯಾರೆಂಬುದನ್ನೂ ಹೇಳಿಕೊಡಿ.