ಅಪ್ಪನ ಗೊರಕೆ, ಮಗನ ಗೊರಕೆ

ಮೈಸೂರಿನ ಬನ್ನಿಮಂಟಪದ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಆರು ವರ್ಷದ ಮಗ ರಾತ್ರಿಯಿಡೀ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಾನಂತೆ. ಬಸ್ ಓಡಿಸುವ ಅವನ ಅಪ್ಪನದೂ ಅದೇ ಪಾಡು. ‘ಅಪ್ಪನ ಹಾಗೇ ಮಗ’ ಎಂದು ಮನೆಯವರೆಲ್ಲ ನಗುತ್ತಾರಂತೆ. ನಿದ್ದೆಗೆಂದೇ ಡಾಕ್ಟರಿದ್ದಾರೆಯೇ, ಇದ್ದರೆ ದೊಡ್ಡವರನ್ನೂ ಮಕ್ಕಳನ್ನೂ ಒಬ್ಬರೇ ನೋಡುತ್ತಾರೆಯೇ ಎಂಬುದು ಅವರ ಪ್ರಶ್ನೆ.

ಇದ್ದಾರೆ, ಇಬ್ಬರನ್ನೂ ನೋಡುವವರೂ ಇದ್ದಾರೆ. ಆದರೆ ಅಪ್ಪನ ಗೊರಕೆ ಬೇರೆ, ಮಗನ ಗೊರಕೆ ಬೇರೆ. ವೈದ್ಯರು ಇದನ್ನು ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು.

1889ರಲ್ಲೇ ಲಂಡನ್ನಿನ ಕಿವಿ-ಮೂಗು ವೈದ್ಯ ವಿಲಿಯಂ ಹಿಲ್ ಎಂಬಾತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬರೆದಿದ್ದ. ಶಾಲೆಯಲ್ಲಿ ಹಿಂದುಳಿದ, ದಡ್ಡರೆಂದು ಹೆಸರು ಹೊತ್ತ ಕೆಲವು ಮಕ್ಕಳು ಮೂಗು ಕಟ್ಟಿಕೊಂಡು ಬಾಯಲ್ಲಿ ಉಸಿರಾಡುತ್ತಾರೆ, ರಾತ್ರಿ ಗೊರಕೆ ಹೊಡೆಯುತ್ತ ನೆಮ್ಮದಿಯಿಲ್ಲದೆ ಹೊರಳಾಡುತ್ತಾರೆ ಎಂದು ಅವನು ಗಮನಿಸಿದ್ದ. ಎಷ್ಟು ಸೂಕ್ಷ್ಮ ಕಣ್ಣು! ಆದರೂ ಮುಂದೆ ಬಹಳ ವರ್ಷ ಹೆಚ್ಚು ಜನ ಅದರ ಜಾಡು ಹಿಡಿಯಲಿಲ್ಲ. ನಿದ್ದೆಯೆಂದರೆ ದೇಹ ಸುಮ್ಮನಿರುವ ಹೊತ್ತು, ಅದರಲ್ಲಿ ವೈದ್ಯನಿಗೇನು ಕೆಲಸ ಎಂಬ ಭಾವನೆ ಎಲ್ಲೆಡೆ ಇತ್ತು.

ಆ ಭಾವನೆಯನ್ನು ಅಲುಗಿಸಿದ್ದೂ ಒಬ್ಬ ಹುಡುಗನೇ. 1951ರ ಕೊನೆಯಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಯೂಜೀನ್ ಅಸೆರಿನ್‌ಸ್ಕಿ ಮೂಲೆ ಸೇರಿದ್ದ, ಮಿದುಳಿನ ಅಲೆ ಬರೆಯುವ ಹಳೆಯ ಯಂತ್ರವೊಂದನ್ನು ರಿಪೇರಿ ಮಾಡಿಕೊಂಡು, ತನ್ನ ಎಂಟು ವರ್ಷದ ಮಗ ಆರ್ಮಂಡ್‌ನ ತಲೆಗೂ ಕಣ್ಣಿನ ಬಳಿಗೂ ತಂತಿ ಅಂಟಿಸಿ ಮಲಗಿಸಿದ. ಹುಡುಗ ಗಾಢ ನಿದ್ದೆಯಲ್ಲಿದ್ದಾಗ ಯಂತ್ರದ ಪೆನ್ನುಗಳು ರಭಸದಿಂದ ಕುಣಿಯತೊಡಗಿದವು. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಅತ್ತಿತ್ತ ಓಡುತ್ತಿದ್ದವು. 1953ರಲ್ಲಿ ತನ್ನ ಗುರು ನಥಾನಿಯಲ್ ಕ್ಲೈಟ್‌ಮನ್ ಜೊತೆ ಅವನು ಇದನ್ನು ಪ್ರಕಟಿಸಿದ. ನಾವು ಇಂದು ‘ರೆಮ್’ ಎನ್ನುವ, ಕನಸುಗಳು ಹೆಚ್ಚಾಗಿ ಬೀಳುವ ನಿದ್ದೆ ಬೆಳಕಿಗೆ ಬಂದದ್ದು ಹೀಗೆ. ನಿದ್ದೆಯಲ್ಲೂ ಮಿದುಳು ದುಡಿಯುತ್ತದೆ ಎಂದ ಮೇಲೆ ಅಲ್ಲಿ ಕಾಯಿಲೆಯೂ ಇರಬಹುದಲ್ಲ.

1965ರಲ್ಲಿ ಫ್ರಾನ್ಸಿನ ಮತ್ತು ಜರ್ಮನಿಯ ಎರಡು ತಂಡಗಳು ಬೇರೆಬೇರೆಯಾಗಿ, ನಿದ್ದೆಯಲ್ಲಿ ಪದೇ ಪದೇ ಉಸಿರು ಕಟ್ಟುವ ‘ಸ್ಲೀಪ್ ಆಪ್ನಿಯಾ’ವನ್ನು ದಾಖಲಿಸಿದವು. 1970ರಲ್ಲಿ ವಿಲಿಯಂ ಡಿಮೆಂಟ್ ಸ್ಟ್ಯಾನ್‌ಫರ್ಡ್‌ನಲ್ಲಿ ನಿದ್ದೆಯ ಚಿಕಿತ್ಸಾಲಯ ತೆರೆದರು. 1972ರಲ್ಲಿ ಅಲ್ಲಿಗೆ ಬಂದ ಫ್ರೆಂಚ್ ವೈದ್ಯ ಕ್ರಿಶ್ಚಿಯನ್ ಗಿಯೆಮಿನೊ ಮಕ್ಕಳನ್ನೂ ದೊಡ್ಡವರನ್ನೂ ನೋಡುತ್ತಲೇ ಬದುಕು ಸವೆಸಿದರು. ಬಂದ ಹೊಸತರಲ್ಲೇ ಅವರ ಕೈಗೆ ಸಿಕ್ಕವನು ರಕ್ತದೊತ್ತಡ ವಿಪರೀತ ಏರಿದ್ದ, ಹಗಲೆಲ್ಲ ತೂಕಡಿಸುವ ಹತ್ತೂವರೆ ವರ್ಷದ ಹುಡುಗ. ರಾತ್ರಿ ಅವನ ಉಸಿರು ಕಟ್ಟುತ್ತಿದೆ, ಒತ್ತಡಕ್ಕೆ ಅದೇ ಕಾರಣ ಎಂದು ಗಿಯೆಮಿನೊ ಹೇಳಿದರೆ ಮಕ್ಕಳ ವೈದ್ಯರು ನಂಬಲಿಲ್ಲ. ಕೊನೆಗೆ ಗಂಟಲಿನ ಕೆಳಗೆ ಶ್ವಾಸನಾಳಕ್ಕೆ ರಂಧ್ರ ಮಾಡಿದರು. ಆಗ ಹೆಚ್ಚಿನ ದಾರಿಗಳಿರಲಿಲ್ಲ. ರಕ್ತದೊತ್ತಡ ಇಳಿಯಿತು. 1976ರಲ್ಲಿ ಗಿಯೆಮಿನೊ ಮತ್ತು ಸಂಗಡಿಗರು ಇಂಥ ಎಂಟು ಮಕ್ಕಳ ವಿವರವನ್ನು ಪ್ರಕಟಿಸಿದರು. ಮಕ್ಕಳ ನಿದ್ದೆಯ ವೈದ್ಯಕೀಯ ಗಟ್ಟಿಯಾಗಿ ನೆಲೆಯೂರಿದ್ದು ಅಲ್ಲಿಂದ.

ಉಸಿರು ಕಟ್ಟುವುದು ಹೇಗೆ? ಬನ್ನಿಮಂಟಪದ ರಸ್ತೆ ಬದಿಯಲ್ಲಿ ಎಳನೀರು ಕುಡಿಯುವಾಗ ಕಾಗದದ ಸ್ಟ್ರಾ ಕೊಡುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಮೊದಲು ಗಟ್ಟಿಯಾಗಿರುವ ಸ್ಟ್ರಾ ಸ್ವಲ್ಪ ಹೊತ್ತಿಗೆ ನೆನೆದು ಮೆತ್ತಗಾಗುತ್ತದೆ. ಆಗ ನೀವು ಜೋರಾಗಿ ಎಳೆದಷ್ಟೂ ಅದು ಚಪ್ಪಟೆಯಾಗುತ್ತದೆ, ಹನಿಯೂ ಮೇಲೇರುವುದಿಲ್ಲ. ನಮ್ಮ ಗಂಟಲೂ ಮೂಳೆಯ ಆಧಾರವಿಲ್ಲದ ಮೆತ್ತನೆಯ ಕೊಳವೆ. ಎಚ್ಚರವಿರುವಾಗ ಸ್ನಾಯುಗಳು ಅದನ್ನು ಬಿಗಿಯಾಗಿ ತೆರೆದಿಡುತ್ತವೆ. ನಿದ್ದೆ ಬಂದೊಡನೆ ಅವು ಸಡಿಲವಾಗುತ್ತವೆ. ಕತ್ತಿನ ಸುತ್ತ ಕೊಬ್ಬು ಸೇರಿದ ಅಪ್ಪನಲ್ಲಿ ಆ ಕೊಳವೆ ಹೊರಗಿನಿಂದಲೇ ಅದುಮಿಕೊಳ್ಳುತ್ತದೆ. ಮಗನಲ್ಲಿ ಹಾಗಲ್ಲ. ಸ್ಟ್ರಾದೊಳಗೆ ಎಳನೀರಿನ ಗಂಜಿ ಸಿಕ್ಕಿಕೊಂಡ ಹಾಗೆ, ದಪ್ಪವಾದ ಟಾನ್ಸಿಲ್ ಮತ್ತು ಮೂಗಿನ ಹಿಂಬದಿಯ ಅಡಿನಾಯ್ಡ್ ದಾರಿಗೆ ಅಡ್ಡ ನಿಂತಿರುತ್ತವೆ. ಸುಮಾರು ಎರಡರಿಂದ ಎಂಟು ವರ್ಷದ ನಡುವೆ ಪುಟ್ಟ ಗಂಟಲಿನ ಅಳತೆಗೆ ಇವು ತೀರಾ ದೊಡ್ಡವು. ಚಿಕಿತ್ಸೆಯೂ ಇದೇ ಲೆಕ್ಕಾಚಾರದಲ್ಲಿ ನಡೆಯುತ್ತದೆ: ಮಗನಿಗೆ ಅಡ್ಡವಿದ್ದದ್ದನ್ನು ತೆಗೆಯುವುದು, ಅಪ್ಪನಿಗೆ ಗಾಳಿ ಊದಿ ಚಪ್ಪಟೆ ಕೊಳವೆಯನ್ನು ದುಂಡಗಿಡುವುದು. ಗಾಳಿ ಊದುವ ‘ಸಿಪ್ಯಾಪ್’ ಯಂತ್ರವನ್ನು ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ಐವರು ರೋಗಿಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಕತ್ತಿಗೆ ರಂಧ್ರ ಕೊರೆಯುವ ಕಾಲ ಹೆಚ್ಚುಕಮ್ಮಿ ಅಲ್ಲಿಗೆ ಮುಗಿಯಿತು.

ಲಕ್ಷಣಗಳೂ ಬೇರೆಬೇರೆ. ಉಸಿರು ಕಟ್ಟಿ ಕಟ್ಟಿ ಎಚ್ಚರವಾಗುವ ಅಪ್ಪ ಹಗಲು ತೂಕಡಿಸುತ್ತಾನೆ. ಮಗ ಅಷ್ಟಾಗಿ ತೂಕಡಿಸುವುದಿಲ್ಲ. ಕುಳಿತಲ್ಲಿ ಕೂರುವುದಿಲ್ಲ, ಸಿಡುಕುತ್ತಾನೆ, ಪಾಠದಲ್ಲಿ ಗಮನವಿಲ್ಲ ಎಂದು ಬೈಸಿಕೊಳ್ಳುತ್ತಾನೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೂ ಸಂಶಯ ಪಡಬೇಕು. ರಾತ್ರಿಯಿಡೀ ಉಸಿರನ್ನೂ ನಿದ್ದೆಯನ್ನೂ ದಾಖಲಿಸುವ ಪರೀಕ್ಷೆಯ ಅಳತೆಯೂ ಒಂದಲ್ಲ. ದೊಡ್ಡವರಲ್ಲಿ ಉಸಿರು ಹತ್ತು ಸೆಕೆಂಡ್ ನಿಂತರೆ ಲೆಕ್ಕಕ್ಕೆ ಬರುತ್ತದೆ, ಗಂಟೆಗೆ ಐದು ಸಲ ಹಾಗಾದರೆ ಕಾಯಿಲೆ. ಮಕ್ಕಳಲ್ಲಿ ಎರಡು ಉಸಿರು ತಪ್ಪಿದರೇ ಲೆಕ್ಕ, ಗಂಟೆಗೆ ಒಂದು ಸಲವಾದರೂ ಯೋಚಿಸಬೇಕಾದ ವಿಷಯ. ಒಂದು ರಾತ್ರಿಯ ದಾಖಲೆಯನ್ನು ಮೂವತ್ತು ಸೆಕೆಂಡಿನ ತುಣುಕುಗಳಾಗಿ ಓದುತ್ತಾರೆ; ಎಂಟು ಗಂಟೆಗೆ 960 ತುಣುಕು. ಇಬ್ಬರನ್ನೂ ನೋಡುವ ವೈದ್ಯ ಈ ಎರಡೂ ಅಳತೆಗೋಲುಗಳನ್ನು ಕೈಯಲ್ಲಿಟ್ಟುಕೊಂಡಿರಬೇಕು.

ಟಾನ್ಸಿಲ್ ತೆಗೆಸಿದರೆ ಮಗ ಕ್ಲಾಸಿಗೇ ಫಸ್ಟ್ ಬರುತ್ತಾನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2013ರಲ್ಲಿ ಅಮೆರಿಕದಲ್ಲಿ ಐದರಿಂದ ಒಂಬತ್ತು ವರ್ಷದ 464 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಶಸ್ತ್ರಚಿಕಿತ್ಸೆಯಾದ ಮಕ್ಕಳ ನಡವಳಿಕೆ, ನೆಮ್ಮದಿ, ನಿದ್ದೆಯ ಉಸಿರು ಸುಧಾರಿಸಿದವು; ಗಮನದ ಪರೀಕ್ಷೆಯ ಅಂಕ ಮಾತ್ರ ಹೇಳುವಷ್ಟು ಏರಲಿಲ್ಲ. ಸುಮ್ಮನೆ ಕಾದು ನೋಡಿದ ಮಕ್ಕಳಲ್ಲೂ ನೂರಕ್ಕೆ 46 ಮಂದಿಯ ನಿದ್ದೆಯ ವರದಿ ತಾನಾಗಿ ಸರಿಹೋಯಿತು, ಶಸ್ತ್ರಚಿಕಿತ್ಸೆಯಾದವರಲ್ಲಿ 79. ಆತುರವೂ ಬೇಡ, ಅಸಡ್ಡೆಯೂ ಬೇಡ.

ಅಪ್ಪನ ವಿಷಯದಲ್ಲಿ ಮಾತ್ರ ಕಾಯುವ ಮಾತಿಲ್ಲ. 2004ರಲ್ಲಿ ಪ್ರಕಟವಾದ ಮುಂಬೈನ ಅಧ್ಯಯನವೊಂದರಲ್ಲಿ 35ರಿಂದ 65 ವಯಸ್ಸಿನ ಗಂಡಸರ ಪೈಕಿ ನೂರರಲ್ಲಿ ಏಳೆಂಟು ಮಂದಿಗೆ ಉಸಿರು ಕಟ್ಟುವುದರ ಜೊತೆಗೆ ಹಗಲಿನ ತೂಕಡಿಕೆಯೂ ಇತ್ತು. ಬನ್ನಿಮಂಟಪದಲ್ಲಿ ಕೆಎಸ್ಆರ್‌ಟಿಸಿ ಡಿಪೊ ಇದೆ, ಬೆಂಗಳೂರು ರಸ್ತೆಯಿದೆ. ರಾತ್ರಿ ಪಾಳಿಯ ಚಾಲಕನಿಗೆ ಇಂಥ ಕಾಯಿಲೆಯಿದ್ದರೆ ಹಿಂದೆ ಕುಳಿತ ಐವತ್ತು ಜನರಿಗೂ ಅದು ಸಂಬಂಧಪಟ್ಟದ್ದು. ಚಾಲಕರ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣು, ರಕ್ತದೊತ್ತಡದಷ್ಟೇ ಮುಖ್ಯವಾಗಿ ಗೊರಕೆಯನ್ನೂ ಕೇಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಂಥ ವೈದ್ಯರಾಗುವುದು ಹೇಗೆ? ಅಮೆರಿಕದಲ್ಲಿ ಮಕ್ಕಳ ವೈದ್ಯರು, ನರರೋಗ, ಮನೋರೋಗ, ಶ್ವಾಸಕೋಶ, ಇ.ಎನ್.ಟಿ. ತಜ್ಞರು ಯಾರೇ ಆದರೂ ಒಂದು ವರ್ಷದ ಹೆಚ್ಚಿನ ತರಬೇತಿ ಪಡೆದು ನಿದ್ದೆಯ ವೈದ್ಯರಾಗಬಹುದು. ಎಲ್ಲರಿಗೂ ಒಂದೇ ಪರೀಕ್ಷೆ. ನಮ್ಮಲ್ಲಿ ಹೆಚ್ಚಿನವರು ಶ್ವಾಸಕೋಶ ಅಥವಾ ಇ.ಎನ್.ಟಿ. ವಿಭಾಗದಿಂದ ಈ ಕಡೆಗೆ ಹೊರಳಿದವರು.  ಬನ್ನಿಮಂಟಪದಲ್ಲೇ 1984ರಿಂದ ಜೆಎಸ್ಎಸ್ ವೈದ್ಯಕೀಯ ಕಾಲೇಜಿದೆ. ಅಲ್ಲಿ ಓದುವ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಈ ದಾರಿ ಹಿಡಿಯಲಿ, ಕೆಲಸ ಬೇಕಾದಷ್ಟಿದೆ.

ಪ್ರಶ್ನೆ ಕೇಳಿದವರಿಗೆ ಇಷ್ಟು: ಕೈಗಡಿಯಾರದ ಆ್ಯಪ್ ಕೊಡುವ ನಿದ್ದೆಯ ಅಂಕವನ್ನು ನೆಚ್ಚಬೇಡಿ. ಹೊದಿಕೆ ಸರಿಸಿ ಮಗನ ಕತ್ತು, ಎದೆ ಕಾಣುವಂತೆ ಎರಡು ನಿಮಿಷ ವಿಡಿಯೊ ಮಾಡಿ, ಗೊರಕೆಯ ಸದ್ದೂ ಕೇಳಿಸಲಿ, ಮಕ್ಕಳ ಡಾಕ್ಟರಿಗೋ ಇ.ಎನ್.ಟಿ. ಡಾಕ್ಟರಿಗೋ ತೋರಿಸಿ. ಅಪ್ಪನನ್ನು ಮುಂದಿನ ರಾತ್ರಿ ಪಾಳಿಗೆ ಮೊದಲೇ ಡಾಕ್ಟರ ಬಳಿ ಕರೆದೊಯ್ಯಿರಿ.